ಟಿವಿಯೋ, ಪ್ರೊಜೆಕ್ಟರೋ, ಕೈಲಿರುವ ಮೊಬೈಲೋ: ನಿಮ್ಮ ಕ್ಲಾಸಿಗೆ ಯಾವುದು?

ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಭೆ ಮುಗಿದು ಟೀ ಬರುವ ಹೊತ್ತಿಗೆ ನಮ್ಮ ಚಿತ್ರದುರ್ಗದ ಕಡೆ ಈ ಮಾತು ಬಂದೇ ಬರುತ್ತದೆ. ‘ಸಾರ್, ಹಳೇ ವಿದ್ಯಾರ್ಥಿಗಳು ಶಾಲೆಗೆ ಏನಾದ್ರೂ ಕೊಡಿಸ್ತೀವಿ ಅಂತಿದಾರೆ. ಸ್ಮಾರ್ಟ್ ಬೋರ್ಡ್ ಕೇಳೋಣ್ವಾ, ಟಿವಿ ಸಾಕಾ?’ ಪಕ್ಕದವರು ‘ನಿಮ್ಮಲ್ಲಿ ಪ್ರೊಜೆಕ್ಟರ್ ಇದೆಯಲ್ಲ ಮೇಷ್ಟ್ರೇ’ ಅಂತಾರೆ. ‘ಇದೆ, ಬೀರುವಿನಲ್ಲಿ’ ಅಂತ ಉತ್ತರ. ಎಲ್ಲರೂ ನಗುತ್ತಾರೆ.

ಬೀರು ಸೇರಿದ ಪ್ರೊಜೆಕ್ಟರ್ ಬಹಳ ಸಲ ಕೆಟ್ಟಿರುವುದೇ ಇಲ್ಲ. ಅದನ್ನು ತಂದು, ಮೇಜಿನ ಮೇಲಿಟ್ಟು, ಜಂಕ್ಷನ್ ಬಾಕ್ಸ್ ಹುಡುಕಿ, ಲ್ಯಾಪ್‌ಟಾಪ್ ಆನ್ ಮಾಡಿ, ಸೊಟ್ಟಗೆ ಬೀಳುವ ಚಿತ್ರವನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಪೀರಿಯಡ್ ಇರುವುದೇ 40 ನಿಮಿಷ. ಹಾಜರಿಗೆ ಮೂರು ನಿಮಿಷ ತೆಗೆದರೆ ಪಾಠಕ್ಕೆ ಉಳಿದದ್ದೆಷ್ಟು?

ಅದಕ್ಕೇ ನಾನು ಎಲ್ಲವನ್ನೂ ಅಳೆಯುವುದು ಒಂದೇ ಲೆಕ್ಕದಲ್ಲಿ. ಬೆಲ್ ಹೊಡೆದು ಕ್ಲಾಸಿಗೆ ಕಾಲಿಟ್ಟ ಮೇಲೆ ಆ ಸಾಧನ ಕೆಲಸ ಶುರು ಮಾಡಲು ಎಷ್ಟು ನಿಮಿಷ ಬೇಕು? ಎರಡು ನಿಮಿಷದೊಳಗೆ ಆದರೆ ಅದು ವರ್ಷವಿಡೀ ಬಳಕೆಯಾಗುತ್ತದೆ. ಹತ್ತು ನಿಮಿಷ ಬೇಕಾದರೆ ಇನ್‌ಸ್ಪೆಕ್ಷನ್ ದಿನ ಮಾತ್ರ ಹೊರಗೆ ಬರುತ್ತದೆ. ಬೆಲೆ, ಇಂಚು, ಕಂಪನಿ ಎಲ್ಲ ಆಮೇಲೆ.

ದೊಡ್ಡ ಪರದೆ: ಮೂರರಲ್ಲಿ ಒಂದು

ಟಿವಿ, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಈ ಮೂರರಲ್ಲಿ ಯಾವುದು? ಕೊನೆ ಬೆಂಚಿನ ಮಗುವಿನಿಂದ ಶುರು ಮಾಡೋಣ. ಪರದೆಯ ಎತ್ತರದ ಆರು ಪಟ್ಟು ದೂರದೊಳಗೆ ಕೂತವರಿಗೆ ಅಕ್ಷರ ಸಲೀಸಾಗಿ ಕಾಣುತ್ತದೆ ಎಂಬುದು ರೂಢಿಯಲ್ಲಿರುವ ಒಂದು ಅಂದಾಜು. 43 ಇಂಚಿನ ಟಿವಿಯ ಪರದೆ ಸುಮಾರು 53 ಸೆಂಟಿಮೀಟರ್ ಎತ್ತರ. ಅದರ ಆರು ಪಟ್ಟು ಅಂದರೆ ಹತ್ತೂವರೆ ಅಡಿ. 55 ಇಂಚಿನದಾದರೆ ಹದಿಮೂರೂವರೆ ಅಡಿ, 65 ಇಂಚಿನದಾದರೆ ಹದಿನಾರು ಅಡಿ. ಪ್ರೊಜೆಕ್ಟರಿನಲ್ಲಿ ಆರಡಿ ಅಗಲದ ಚಿತ್ರ ಬಿಟ್ಟರೆ ಅದರ ಎತ್ತರ ಮೂರಡಿ ನಾಲ್ಕಿಂಚು, ಅಂದರೆ ಇಪ್ಪತ್ತು ಅಡಿ ದೂರದವರೆಗೂ ಓದಬಹುದು.

ಈಗ ನಿಮ್ಮ ಕೋಣೆಯನ್ನು ಹೆಜ್ಜೆ ಹಾಕಿ ಅಳೆದು ನೋಡಿ. ಇಪ್ಪತ್ತು ಅಡಿ ಉದ್ದದ ಕೋಣೆಯಲ್ಲಿ 43 ಇಂಚಿನ ಟಿವಿ ಹಾಕಿದರೆ ಅರ್ಧ ಕ್ಲಾಸು ಬರೀ ಬಣ್ಣ ನೋಡುತ್ತಿರುತ್ತದೆ. ವಿಡಿಯೋಗಾದರೆ ಇನ್ನಷ್ಟು ದೂರ ನಡೆದೀತು. ಪಟ್ಟಿ, ನಕ್ಷೆ, ಸಮೀಕರಣ ತೋರಿಸಬೇಕಾದರೆ ಆಗುವುದಿಲ್ಲ. ಇಷ್ಟು ಅಳತೆ ಮಾಡಿದರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಹಾಗಾದರೆ ಪ್ರೊಜೆಕ್ಟರೇ ವಾಸಿ ಅಲ್ವಾ? ಅಷ್ಟು ಸುಲಭವಿಲ್ಲ. ನಮ್ಮ ಬಯಲುಸೀಮೆಯ ಬೆಳಕು ಜೋರು. ಹಗಲು ಹೊತ್ತಿನಲ್ಲಿ ಕಾಣಬೇಕಾದರೆ ಕನಿಷ್ಠ 3000 ಲುಮೆನ್ಸ್ (ಪ್ರೊಜೆಕ್ಟರ್ ಬೆಳಕಿನ ಅಳತೆ) ಬೇಕು, ಜೊತೆಗೆ ಕಿಟಕಿಗೆ ದಪ್ಪ ಪರದೆ ಬೇಕು. ಮಾರ್ಚ್ ತಿಂಗಳಲ್ಲಿ ಹಿರಿಯೂರು, ಚಳ್ಳಕೆರೆ ಕಡೆ ಮಧ್ಯಾಹ್ನದ ಪೀರಿಯಡ್‌ಗೆ ಕಿಟಕಿ ಮುಚ್ಚಿ ನೋಡಿ. ಮಕ್ಕಳು ಪಾಠ ನೋಡುತ್ತಾರೋ, ಪುಸ್ತಕದಲ್ಲಿ ಗಾಳಿ ಬೀಸಿಕೊಳ್ಳುತ್ತಾರೋ? ಜಗಳೂರು, ಮೊಳಕಾಲ್ಮೂರಿನ ಧೂಳು ಬೇರೆ. ಪ್ರೊಜೆಕ್ಟರಿನ ಫಿಲ್ಟರ್ ಬಿಚ್ಚಿ ಧೂಳು ಕೊಡವದಿದ್ದರೆ ಅದು ಬಿಸಿಯಾಗಿ ತಾನೇ ಆಫ್ ಆಗುತ್ತದೆ.

ಆಮೇಲೆ ಕರೆಂಟು. ಲ್ಯಾಂಪ್ ಇರುವ ಪ್ರೊಜೆಕ್ಟರ್ ಸುಮಾರು 300 ವ್ಯಾಟ್ ಎಳೆಯುತ್ತದೆ. 55 ಇಂಚಿನ ಎಲ್‌ಇಡಿ ಟಿವಿ 120 ವ್ಯಾಟ್ ಆಸುಪಾಸು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯ ಇನ್ವರ್ಟರ್ ಇದ್ದರೆ ಲೆಕ್ಕಕ್ಕೆ 1800 ವ್ಯಾಟ್-ಅವರ್, ಕೈಗೆ ಸಿಗುವುದು ಸುಮಾರು 1200 ಅಂತಿಟ್ಟುಕೊಳ್ಳಿ. ಅದರಲ್ಲಿ ಪ್ರೊಜೆಕ್ಟರ್ ನಾಲ್ಕು ಗಂಟೆ ನಡೆದರೆ ಟಿವಿ ಇಡೀ ಶಾಲೆಯ ದಿನ ನಡೆಯುತ್ತದೆ. ಬೆಸ್ಕಾಂ ಕರೆಂಟು ಪಾಠದ ಮಧ್ಯೆ ಹೋದರೆ ಟಿವಿಗೆ ಏನೂ ಆಗುವುದಿಲ್ಲ. ಲ್ಯಾಂಪ್ ಪ್ರೊಜೆಕ್ಟರಿಗೆ ಫ್ಯಾನ್ ತಿರುಗಿ ತಣ್ಣಗಾಗಲು ಸಮಯ ಬೇಕು. ದಿಢೀರನೆ ನಿಂತರೆ ಲ್ಯಾಂಪಿಗೆ ಪೆಟ್ಟು. ಹಾಗಾಗಿ ಇನ್ವರ್ಟರ್ ಇಲ್ಲದ ಶಾಲೆಗೆ ಲ್ಯಾಂಪ್ ಪ್ರೊಜೆಕ್ಟರ್ ಬೇಡವೇ ಬೇಡ.

ಇನ್ನೊಂದು ಮಾತು. ‘ಲ್ಯಾಂಪ್ ಸವೆಯುತ್ತೆ, ಜಾಸ್ತಿ ಹಾಕಬೇಡಿ’ ಅನ್ನುವ ಹೆಡ್‌ಮಾಸ್ಟರರು ಇದ್ದಾರೆ. ಸಾಮಾನ್ಯ ಲ್ಯಾಂಪಿಗೆ ನಾಲ್ಕೈದು ಸಾವಿರ ಗಂಟೆ ಆಯಸ್ಸು. ದಿನಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 220 ದಿನ ಹಾಕಿದರೂ 440 ಗಂಟೆ. ಹತ್ತು ವರ್ಷ ಆಗುತ್ತದೆ ಸವೆಯಲು. ಅಷ್ಟರಲ್ಲಿ ಇವರೂ ರಿಟೈರ್ ಆಗಿರುತ್ತಾರೆ.

ಮೂರನೆಯದು ದೊಡ್ಡ ಟಚ್ ಪ್ಯಾನೆಲ್, ಎಲ್ಲರ ಬಾಯಲ್ಲೂ ಸ್ಮಾರ್ಟ್ ಬೋರ್ಡ್. ಬರೆಯಬಹುದು, ಅಳಿಸಬಹುದು, ಮಕ್ಕಳೇ ಬಂದು ಮುಟ್ಟಿ ಎಳೆಯಬಹುದು. ಚೆನ್ನಾಗಿದೆ, ಇಲ್ಲವೆನ್ನಲಾರೆ. ಆದರೆ 65 ಇಂಚಿನ ಪ್ಯಾನೆಲ್ಲೂ ಓದಿಸುವುದು ಹದಿನಾರು ಅಡಿವರೆಗೇ. ಬೆಲೆಯೂ ಟಿವಿಗಿಂತ ಬಹಳ ಜಾಸ್ತಿ. ಅದೇ ದುಡ್ಡಿನಲ್ಲಿ ಎರಡು ಕೋಣೆಗೆ ಟಿವಿ, ಒಂದು ಇನ್ವರ್ಟರ್, ಒಳ್ಳೆಯ ಸ್ಪೀಕರ್ ಬರುತ್ತದೆ. ಒಳಗಿನ ಆಂಡ್ರಾಯ್ಡ್ ಕೆಲವು ವರ್ಷಕ್ಕೆ ಹಳತಾಗುತ್ತದೆ, ಆಗ ಹೊಸ ಆ್ಯಪ್ ಹಾಕಲು ಬರುವುದಿಲ್ಲ. ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಅಂತ ಕೊಳ್ಳುವ ಮುಂಚೆ ಕೇಳಿ. ದಾನಿಗಳಿಗೆ ಪ್ಯಾನೆಲ್ ಮೇಲೆ ಪ್ರೀತಿ ಜಾಸ್ತಿ. ಹೆಸರು ಬರೆಸಬಹುದು, ಟೇಪ್ ಕತ್ತರಿಸಬಹುದು, ಫೋಟೋ ಚೆನ್ನಾಗಿ ಬರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾರ ಹಾಕುವವರನ್ನು ನಾನಂತೂ ನೋಡಿಲ್ಲ.

ನನ್ನ ಆಯ್ಕೆ ಹೇಳಿಬಿಡುತ್ತೇನೆ. ಮೂವತ್ತು ನಲವತ್ತು ಮಕ್ಕಳ ಕೋಣೆಗೆ ಗೋಡೆಗೆ ಬಿಗಿದ 55 ಇಂಚಿನ ಟಿವಿ. ದೊಡ್ಡಕ್ಷರದಲ್ಲಿ ತೋರಿಸಿ, ಓದುವ ಪಾಠವಿದ್ದಾಗ ಹಿಂದಿನವರನ್ನು ಮುಂದಕ್ಕೆ ಕರೆದು ಕೂರಿಸಿ. ಮಕ್ಕಳು ನೆಲದ ಮೇಲೆ ಕೂರುವ ಕೋಣೆಯಾದರೆ ಟಿವಿಯನ್ನು ತಗ್ಗಿಸಿ ಬಿಗಿಯಿರಿ, ಬ್ಯಾಂಕಿನಲ್ಲಿ ಹಾಕಿದ ಹಾಗೆ ಸೂರಿಗೆ ಏರಿಸಬೇಡಿ. ಅರವತ್ತು ಮಕ್ಕಳ ಹೈಸ್ಕೂಲ್ ಸೆಕ್ಷನ್ ಆದರೆ ಚಾವಣಿಗೆ ಕಾಯಂ ಆಗಿ ಬಿಗಿದ ಪ್ರೊಜೆಕ್ಟರ್, ಜೊತೆಗೆ ಇನ್ವರ್ಟರ್. ಕಾಯಂ ಆಗಿ ಬಿಗಿಯುವುದೇ ಮುಖ್ಯ. ಬಿಚ್ಚಿ ಒಳಗಿಡುವ ಪ್ರೊಜೆಕ್ಟರ್ ಮತ್ತೆ ಬೀರುವಿಗೇ ಹೋಗುತ್ತದೆ. ಪ್ಯಾನೆಲ್ಲನ್ನು ಯಾರಾದರೂ ಪುಕ್ಕಟೆ ಕೊಟ್ಟರೆ ತಗೊಳ್ಳಿ. ಶಾಲೆಯ ದುಡ್ಡಿನಲ್ಲಿ ಕೊಳ್ಳುವುದಾದರೆ ಅದನ್ನು ದಿನಾ ಬಳಸುವ ಮೇಷ್ಟ್ರು, ಮೇಡಂ ಕನಿಷ್ಠ ಮೂವರು ಇದ್ದಾರಾ ಅಂತ ಮೊದಲು ನೋಡಿ. ಒಬ್ಬರೇ ಇದ್ದರೆ ಅವರ ವರ್ಗಾವಣೆಯ ದಿನವೇ ಅದರ ಕಥೆ ಮುಗಿಯಿತು.

ಮೊಬೈಲಿನಿಂದ ಟಿವಿಗೆ

ಇಲ್ಲಿ ಮೂರು ದಾರಿ: ಪೆನ್‌ಡ್ರೈವ್, ಕೇಬಲ್, ವೈರ್‌ಲೆಸ್. ಪೆನ್‌ಡ್ರೈವನ್ನು ಯಾರೂ ಗೌರವಿಸುವುದಿಲ್ಲ, ಆದರೆ ಅದರಷ್ಟು ನಂಬಿಗಸ್ತ ಇನ್ನೊಂದಿಲ್ಲ. ವಿಡಿಯೋ ಎಂಪಿ4 ರೂಪದಲ್ಲಿದ್ದರೆ ಹೆಚ್ಚುಕಡಿಮೆ ಎಲ್ಲ ಟಿವಿಯಲ್ಲೂ ಓಡುತ್ತದೆ. ಚುಚ್ಚಿ, ರಿಮೋಟ್ ಒತ್ತಿದರೆ ಅರ್ಧ ನಿಮಿಷದಲ್ಲಿ ಪಾಠ ಶುರು. ಕೇಬಲ್ ತಗೊಳ್ಳುವ ಮುಂಚೆ ಎಚ್ಚರ. ಟೈಪ್-ಸಿ ಯಿಂದ ಎಚ್‌ಡಿಎಂಐ ಮಾಡುವ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಕಡಿಮೆ ಬೆಲೆಯ ಬಹಳಷ್ಟು ಫೋನುಗಳು ಆ ರಂಧ್ರದಿಂದ ಚಿತ್ರವನ್ನೇ ಕಳಿಸುವುದಿಲ್ಲ. ವೈರ್‌ಲೆಸ್ ನಡೆಯುತ್ತದೆ, ನಡೆದಾಗ ಚೆಂದ. ಕೆಲವು ಬಗೆಗೆ ಫೋನೂ ಟಿವಿಯೂ ಒಂದೇ ವೈಫೈನಲ್ಲಿರಬೇಕು. ಮತ್ತೆ ಪಾಠದ ಮಧ್ಯೆ ಯಾರದೋ ಫೋನ್ ಬಂದರೆ ಇಡೀ ಕ್ಲಾಸಿಗೆ ಹೆಸರು ಕಾಣುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿಕೊಳ್ಳಿ.

ಪರದೆಯಲ್ಲಿ ಏನು ತೋರಿಸುವುದು

ದೀಕ್ಷಾ (ಸರ್ಕಾರದ ಪಾಠಗಳ ಆ್ಯಪ್), ಯೂಟ್ಯೂಬ್, ಫೆಟ್ (ವಿಜ್ಞಾನ, ಗಣಿತದ ಪ್ರಯೋಗಗಳ ವೆಬ್‌ಸೈಟ್). ಇವು ಮೂರೂ ಪುಕ್ಕಟೆ, ಮೂರರ ಸ್ವಭಾವ ಬೇರೆ.

2017ರಲ್ಲಿ ಶುರುವಾದ ದೀಕ್ಷಾದ ಅನುಕೂಲವೆಂದರೆ ನಮ್ಮ ಪಠ್ಯಪುಸ್ತಕದ ಜೊತೆಗೇ ಬೆಸೆದುಕೊಂಡಿರುವುದು. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೇ ಹೋಗುತ್ತದೆ, ಹುಡುಕಾಟವಿಲ್ಲ. ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡರೆ ಸಿಗ್ನಲ್ ಇಲ್ಲದ ಊರಿನಲ್ಲೂ ಓಡುತ್ತದೆ. ವಿಡಿಯೋಗಳ ಗುಣಮಟ್ಟ ಒಂದೊಂದು ಒಂದೊಂದು ಥರ. ಕೆಲವು ಬಹಳ ಚೆನ್ನಾಗಿವೆ, ಕೆಲವು ಪುಸ್ತಕವನ್ನೇ ಜೋರಾಗಿ ಓದಿದ ಹಾಗಿವೆ. ಹಿಂದಿನ ದಿನ ನೀವೇ ಪೂರ್ತಿ ನೋಡದೆ ಹಾಕಬೇಡಿ.

ಯೂಟ್ಯೂಬಿನಲ್ಲಿ ಆಯ್ಕೆ ಸಮುದ್ರ, ಅದೇ ಅದರ ತೊಂದರೆ. ಜಾಹೀರಾತು ಒಂದು ಕಡೆ, ಪಕ್ಕದಲ್ಲಿ ಬರುವ ಬೇರೆ ವಿಡಿಯೋಗಳು ಇನ್ನೊಂದು ಕಡೆ. ಆ್ಯಪಿನೊಳಗೆ ಡೌನ್‌ಲೋಡ್ ಮಾಡಿದ್ದು ಆ ಫೋನಿನಲ್ಲೇ ಓಡುತ್ತದೆ, ಪೆನ್‌ಡ್ರೈವಿಗೆ ಬರುವುದಿಲ್ಲ. ಯಾವ ವಿಡಿಯೋ ಆದರೂ ಮೂರು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓಡಿಸಬೇಡಿ. ನಿಲ್ಲಿಸಿ, ‘ಮುಂದೇನಾಗುತ್ತೆ ಹೇಳ್ರೋ’ ಅಂತ ಕೇಳಿ, ಆಮೇಲೆ ಮುಂದುವರಿಸಿ.

ನಾನು ವಿಜ್ಞಾನದವನು, ಹಾಗಾಗಿ ಫೆಟ್ ಬಗ್ಗೆ ಸ್ವಲ್ಪ ಪಕ್ಷಪಾತ ಇದೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಇದರಲ್ಲಿ ವಿಡಿಯೋ ಇಲ್ಲ, ಪರದೆಯ ಮೇಲೆ ನಾವೇ ಮಾಡಿ ನೋಡುವ ಪ್ರಯೋಗ ಇದೆ. ಕನ್ನಡದಲ್ಲೂ ಹಲವು ಇವೆ. ಒಂದೊಂದು ಪ್ರಯೋಗವೂ ಒಂದು ಫೈಲ್, ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆ ಬ್ರೌಸರಿನಲ್ಲಿ ಓಡುತ್ತದೆ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಅದರ ಸರ್ಕ್ಯೂಟ್ ಕಿಟ್ ತೆಗೆದುಕೊಳ್ಳಿ. ಬ್ಯಾಟರಿ, ಬಲ್ಬು, ತಂತಿ ಎಳೆದು ಜೋಡಿಸಿದರೆ ಬಲ್ಬು ಹೊತ್ತುತ್ತದೆ, ತಂತಿಯೊಳಗೆ ನೀಲಿ ಚುಕ್ಕಿಗಳು ಹರಿಯುತ್ತವೆ. ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಎರಡೂ ಮಂಕಾಗುತ್ತವೆ, ಚುಕ್ಕಿಗಳು ನಿಧಾನವಾಗುತ್ತವೆ. ಸಮಾಂತರದಲ್ಲಿ ಸೇರಿಸಿದರೆ ಮಂಕಾಗುವುದಿಲ್ಲ. ಇಲ್ಲಿ ಒಬ್ಬ ಹುಡುಗನನ್ನು ಕರೆದು ಬಲ್ಬು ತೆಗೆದು ಬರೀ ತಂತಿಯನ್ನೇ ಬ್ಯಾಟರಿಯ ಎರಡೂ ತುದಿಗೆ ಸೇರಿಸು ಅನ್ನಿ. ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಪರದೆಯ ಮೇಲೆ ಜ್ವಾಲೆ ಏಳುತ್ತದೆ. ಕ್ಲಾಸು ಹೋ ಅನ್ನುತ್ತದೆ. ಆ ಗದ್ದಲ ತಣ್ಣಗಾಗುವ ಮುಂಚೆ ‘ಯಾಕೆ ಹೀಗಾಯ್ತು?’ ಅಂತ ಕೇಳಿದರೆ ಶಾರ್ಟ್ ಸರ್ಕ್ಯೂಟ್ ಪಾಠ ಅರ್ಧ ಆದ ಹಾಗೆ. ಓಮ್‌ನ ನಿಯಮಕ್ಕೆ ಇನ್ನೊಂದಿದೆ. ರೋಧ ಹೆಚ್ಚಿಸಿದರೆ ಸಮೀಕರಣದಲ್ಲಿ ರೋಧದ ಅಕ್ಷರ ದೊಡ್ಡದಾಗುತ್ತದೆ, ವಿದ್ಯುತ್ ಪ್ರವಾಹದ ಅಕ್ಷರ ಚಿಕ್ಕದಾಗುತ್ತದೆ. ಸೂತ್ರ ಬಾಯಿಪಾಠ ಮಾಡಿದವರಿಗೂ ಆಗ ಅದರ ಅರ್ಥ ಕಣ್ಣಿಗೆ ಕಾಣುತ್ತದೆ. ಆದರೆ ನಿಜವಾದ ಬಲ್ಬು, ಸೆಲ್ಲು ಲ್ಯಾಬಿನಲ್ಲಿದ್ದರೆ ಮೊದಲು ಅದನ್ನೇ ಕೈಗೆ ಕೊಡಿ. ಪರದೆ ಆಮೇಲೆ.

ಗಣಿತದವರಿಗೆ ಜಿಯೋಜೀಬ್ರಾ ಎಂಬ ಆ್ಯಪ್ ಇದೆ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದಂತೆಲ್ಲ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ.

ಸಮಾಜದ ಮೇಷ್ಟ್ರು ಗೂಗಲ್ ಅರ್ಥ್ ಬಿಡಬಾರದು, ಅದರಲ್ಲೂ ಚಿತ್ರದುರ್ಗ, ದಾವಣಗೆರೆ, ನಮ್ಮ ಈ ಎರಡು ಜಿಲ್ಲೆಯವರು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಮೇಲಿನಿಂದ ನೋಡಿದರೆ ಬಂಡೆಗಳನ್ನೇ ಗೋಡೆ ಮಾಡಿಕೊಂಡ ಜಾಣತನ ಗೊತ್ತಾಗುತ್ತದೆ. ಅಶೋಕನ ಶಾಸನ ಅಂದರೆ ಎಲ್ಲೋ ದೂರದ ಉತ್ತರದ ಮಾತು ಅಂದುಕೊಂಡ ಮಕ್ಕಳಿಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ತೋರಿಸಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿನ ಶಾಸನಗಳನ್ನು ಪತ್ತೆ ಮಾಡಿದ್ದು. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚೆಗೆ ವರ್ಷ ವರ್ಷ ಓಡಿಸಿದರೆ ನೀರಿನ ಅಂಚು ಒಳಗೆ ಹೊರಗೆ ಆಗುವುದು ಕಾಣುತ್ತದೆ. ಶಾಲೆಯಲ್ಲಿ ನೆಟ್ ಕೈಕೊಡುತ್ತದೆ ಅನ್ನಿಸಿದರೆ ಮನೆಯಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಮಕ್ಕಳ ನೋಟ್‌ಬುಕ್ಕೇ ಪರದೆಗೆ

ಬಹಳ ಜನ ಇದನ್ನು ಬಳಸುವುದೇ ಇಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಉಪಯೋಗ ಇದೇ. ಫೋನನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ಕ್ಯಾಮೆರಾ ಕೆಳಗೆ ನೋಡುವಂತೆ ಇಟ್ಟು ಟಿವಿಗೆ ಕೊಟ್ಟರೆ ಆಯಿತು. ವಿಜುವಲೈಜರ್ ಅಂತ ಇದಕ್ಕೇ ಬೇರೆ ಯಂತ್ರ ಸಿಗುತ್ತದೆ, ಸ್ಟ್ಯಾಂಡ್ ಸಾಕಾದರೆ ಅದು ಬೇಡ.

ಐದನೇ ತರಗತಿಯ ಭಾಗಾಕಾರ ತೆಗೆದುಕೊಳ್ಳಿ. 618ನ್ನು 6ರಿಂದ ಭಾಗಿಸಿ ಒಬ್ಬಳು 13 ಅಂತ ಬರೆದಿರುತ್ತಾಳೆ. ನಡುವಿನ ಸೊನ್ನೆ ಹಾಕಿಲ್ಲ. ಅವಳ ಒಪ್ಪಿಗೆ ಕೇಳಿ, ಹೆಸರು ಮುಚ್ಚಿ, ಆ ಪುಟ ಪರದೆಗೆ ಹಾಕಿ. ‘ಎಲ್ಲಿ ತಪ್ಪಿತು?’ ಅಂತ ಕೇಳಬೇಡಿ. ‘ಹದಿಮೂರಾರಲಿ ಎಷ್ಟು?’ ಅಂತ ಕೇಳಿ. 78 ಅಂದ ತಕ್ಷಣ ಅರ್ಧ ಕ್ಲಾಸು ತಮ್ಮ ಪುಸ್ತಕ ತಿರುವಿ ನೋಡಿಕೊಳ್ಳುತ್ತದೆ. ಯಾಕಂದರೆ ಅದೇ ತಪ್ಪು ಅವರದರಲ್ಲೂ ಇರುತ್ತದೆ. ಯಾವ ರೆಡಿಮೇಡ್ ವಿಡಿಯೋದಿಂದಲೂ ಈ ಕೆಲಸ ಆಗುವುದಿಲ್ಲ.

ಅರ್ಥ ಆಯ್ತಾ ಅಂತ ತಿಳಿಯಲು

‘ಅರ್ಥ ಆಯ್ತೇನ್ರೋ?’ ಅಂದರೆ ‘ಆಯ್ತು ಸಾರ್’ ಅಂತ ಒಂದೇ ಸ್ವರದಲ್ಲಿ ಬರುತ್ತದೆ. ಅದನ್ನು ನಂಬುವ ಮೇಷ್ಟ್ರು ಯಾರೂ ಇಲ್ಲ. ಹಾಗಾದರೆ ಏನು ಮಾಡಬಹುದು?

ಗೂಗಲ್ ಫಾರಂ, ಕಹೂಟ್‌ನಂಥ ಆನ್‌ಲೈನ್ ಕ್ವಿಜ್‌ಗಳಿಗೆ ಪ್ರತಿ ಮಗುವಿಗೂ ಒಂದು ಸಾಧನ ಬೇಕು. ಹತ್ತು ಹನ್ನೆರಡು ಕಂಪ್ಯೂಟರ್ ಓಡುವ ಲ್ಯಾಬ್ ಇದ್ದರೆ, ನೆಟ್ ಇದ್ದರೆ, ಮಾಡಿ. ಇಲ್ಲದವರಿಗೆ ಪ್ಲಿಕರ್ಸ್ ಎಂಬ ಆ್ಯಪ್ ಒಳ್ಳೆಯದು. ಇದರಲ್ಲಿ ಫೋನ್ ಮೇಷ್ಟ್ರ ಹತ್ತಿರ ಮಾತ್ರ. ಮಕ್ಕಳ ಕೈಯಲ್ಲಿ ಕಪ್ಪು ಚೌಕಗಳ ಚಿತ್ರವಿರುವ ಒಂದೊಂದು ಕಾಗದದ ಕಾರ್ಡು. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ತಮ್ಮ ಉತ್ತರ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿಯುತ್ತಾರೆ. ನೀವು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಹಾಯಿಸಿದರೆ ಯಾರು ಏನು ಹೇಳಿದರು ಎಂಬುದು ಪಟ್ಟಿಯಾಗಿ ಬರುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ಥರ ಇರುವುದರಿಂದ ಪಕ್ಕದವನದು ನೋಡಿ ತಿರುಗಿಸುವುದು ಕಷ್ಟ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರೂ ನಡೆಯುತ್ತದೆ. ಕಾರ್ಡುಗಳನ್ನು ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಹೊಳಪಿನ ಲ್ಯಾಮಿನೇಷನ್ ಬೇಡ. ಕಿಟಕಿ ಬೆಳಕು ಅದರ ಮೇಲೆ ಮಿಂಚಿದರೆ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಮೇಷ್ಟ್ರ ಫೋನಿಗೆ ನೆಟ್ ಬೇಕು, ಅದೊಂದು ಕೊರತೆ.

ದಾಖಲೆ ಬೇಡ, ಈಗ ಗೊತ್ತಾದರೆ ಸಾಕು ಅನ್ನುವವರಿಗೆ ಸ್ಲೇಟು ಸಾಕು. ‘ಒಂದು, ಎರಡು, ಮೂರು, ಎತ್ತಿ’ ಅಂದರೆ ಮುಗಿಯಿತು. ತಯಾರಿಗೆ ಸೊನ್ನೆ ನಿಮಿಷ. ನನ್ನ ಅಳತೆಯಲ್ಲಿ ಇದು ಎಲ್ಲಕ್ಕಿಂತ ಮುಂದೆ.

ನಲಿಕಲಿಯ ಮಕ್ಕಳಿಗೆ

ಆಟ, ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಗುಂಪು ಗುಂಪಾಗಿ ಕೂತು ಕಲಿಕೆಯ ಬೇರೆ ಬೇರೆ ಮೆಟ್ಟಿಲಲ್ಲಿ ಇರುತ್ತಾರೆ. ಎಲ್ಲರನ್ನೂ ಒಂದು ಪರದೆಯ ಕಡೆ ತಿರುಗಿಸಿದರೆ ಆ ಪದ್ಧತಿಯೇ ಕೆಡುತ್ತದೆ. ಇಲ್ಲಿ ಟಿವಿಗಿಂತ ಒಂದು ಬ್ಲೂಟೂತ್ ಸ್ಪೀಕರ್ ಮೇಲು. ಹಾಡು, ಕಥೆ, ಇಂಗ್ಲಿಷ್ ಪದಗಳ ಉಚ್ಚಾರ ಕೇಳಿಸಿ. ಮಕ್ಕಳು ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದರೆ ಇನ್ನೂ ಖುಷಿ. ‘ಇನ್ನೊಂದ್ ಸಲ ಓದ್ತೀನಿ ಮಿಸ್’ ಅಂತ ತಾವಾಗಿಯೇ ಬರುತ್ತಾರೆ.

ವಾಟ್ಸ್ಆ್ಯಪ್, ಎಐ

ಪೋಷಕರ ಗುಂಪಿಗೆ ವಾಟ್ಸ್ಆ್ಯಪ್ ಬಿಟ್ಟು ಬೇರೆ ಆ್ಯಪ್ ಹುಡುಕುವುದು ಸುಮ್ನೆ. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ, ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೋಂವರ್ಕ್ ಹೂತುಹೋಗುತ್ತದೆ. ಓದಲು ಬಾರದ ಪೋಷಕರಿಗೆ ವಾಯ್ಸ್ ಮೆಸೇಜ್ ಕಳಿಸಿ. ಹೊಲದಿಂದ ಬಂದು ಕೇಳಿಕೊಳ್ಳುತ್ತಾರೆ. ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕಳಿಸಿದರೆ ಫೋನಿನಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳು ಬರುತ್ತವೆ. ಯುನಿಕೋಡಿನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ. ಮಕ್ಕಳ ಫೋಟೋ, ಅಂಕಪಟ್ಟಿಯನ್ನು ಗುಂಪಿಗೆ ಹಾಕಬೇಡಿ.

ಪ್ರಶ್ನೆಪತ್ರಿಕೆ, ವರ್ಕ್‌ಶೀಟ್ ತಯಾರಿಗೆ ಈಗ ಎಐ ಬಳಸುವವರು ಇದ್ದಾರೆ. ಸಮಯ ಉಳಿಯುತ್ತದೆ. ಆದರೆ ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಬರೆಯುತ್ತದೆ, ನಮ್ಮ ಜಿಲ್ಲೆಯ ಇತಿಹಾಸ ಕೇಳಿದರಂತೂ ಇನ್ನೂ ಹುಷಾರು. ಪ್ರಶ್ನೆ ತಗೊಳ್ಳಿ, ಉತ್ತರವನ್ನು ಪುಸ್ತಕಕ್ಕೆ ಹೋಲಿಸಿ.

ಅಂಗಡಿಗೆ ಹೋಗುವ ದಿನ

ದಾವಣಗೆರೆಗೋ ದುರ್ಗಕ್ಕೋ ಹೋಗಿ ಟಿವಿ ನೋಡುವಾಗ ಅಂಗಡಿಯವರು ಹಾಕುವ ಬಣ್ಣಬಣ್ಣದ ಹೂವಿನ ವಿಡಿಯೋ ನೋಡಿ ಮರುಳಾಗಬೇಡಿ. ನಿಮ್ಮ ಪೆನ್‌ಡ್ರೈವ್ ತಗೊಂಡು ಹೋಗಿ. ಅದರಲ್ಲಿ ನಿಮ್ಮ ಪಾಠದ ಒಂದು ವಿಡಿಯೋ, ಪಠ್ಯಪುಸ್ತಕದ ಒಂದು ಪುಟದ ಫೋಟೋ ಇರಲಿ. ಆ ಪುಟ ಹಾಕಿಸಿ, ನಿಮ್ಮ ಕೋಣೆಯಷ್ಟೇ ದೂರ ಹಿಂದೆ ಸರಿದು ನಿಂತು ಓದಿ ನೋಡಿ. ಸೌಂಡ್ ಪೂರ್ತಿ ಏರಿಸಿ ಕೇಳಿ, ಫ್ಯಾನ್ ತಿರುಗುವ ಕೋಣೆಯಲ್ಲಿ ಸಾಲದು ಅನ್ನಿಸಿದರೆ ಸ್ಪೀಕರ್ ಬೆಲೆಯನ್ನೂ ಸೇರಿಸಿ ಚೌಕಾಸಿ ಮಾಡಿ. ನಿಮ್ಮ ಫೋನನ್ನು ಅಲ್ಲೇ ಜೋಡಿಸಿ ನೋಡಿ. ಗೋಡೆಗೆ ಬಿಗಿಯುವ ಕ್ಲಾಂಪ್, ಸ್ಟೆಬಿಲೈಜರ್, ಸಾಗಾಟ ಎಲ್ಲ ಆ ರೇಟಿನಲ್ಲೇ ಬರುತ್ತಾ ಅಂತ ಕೇಳಿ. ಬಿಲ್ಲನ್ನು ಶಾಲೆಯ ಹೆಸರಿಗೆ ಬರೆಸಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿ. ಬಂದ ದಿನವೇ ಸ್ಟಾಕ್ ರಿಜಿಸ್ಟರಿಗೆ ಏರಿಸಿ, ರಿಮೋಟ್ ಹೆಡ್‌ಮಾಸ್ಟರ್ ಡ್ರಾಯರಿಗೆ ಹೋಗದೆ ಕ್ಲಾಸಿನಲ್ಲೇ ಇರುವಂತೆ ನೋಡಿಕೊಳ್ಳಿ.